ಒಂದು ಚಮಚ ಹೆಪ್ಪು, ಒಂದು ಪಾತ್ರೆ ತಪ್ಪು

"ಐದೇ ದಿನ ತಾನೇ? ನಿಶ್ಚಿಂತೆಯಾಗಿ ಹೋಗಿ ಬಾ. ನೀನು ವಾಪಸ್ ಬಂದಾಗ ಈ ಮನೆ ನಿನಗೇ ಗುರುತು ಸಿಗಬಾರದು, ಹಾಗೆ ಇಟ್ಟಿರ್ತೀನಿ!"

ಸೋಮವಾರ ಬೆಳಗ್ಗೆ ನನ್ನ ಹೆಂಡತಿಗೆ ನಾನು ಹೇಳಿದ ಮಾತು ಇದು. ಇದರಲ್ಲಿ ನಿಶ್ಚಿಂತೆಯ ಮಾತು ಸುಳ್ಳಾಯಿತು, ಗುರುತು ಸಿಗದ ಮಾತು ಅಕ್ಷರಶಃ ನಿಜವಾಯಿತು.

ಅವಳ ತಂಗಿ ಮೆಟ್ಟಿಲು ಜಾರಿ ಕಾಲು ಉಳುಕಿಸಿಕೊಂಡಿದ್ದಳು. ಅಕ್ಕನಾದವಳು ಹೋಗಲೇಬೇಕಿತ್ತು. ಅವಳ ಚಿಂತೆಯೆಲ್ಲ ತಂಗಿಯ ಕಾಲಿನದಲ್ಲ, ನನ್ನ ಕೈಯದು! ಯಾಕೆ ಅಂತ ನನಗೆ ಅರ್ಥವಾಗಲಿಲ್ಲ. ನಾನೇನು ಸಾಮಾನ್ಯನೇ? ಕಾರ್ಖಾನೆಯೊಂದರ ಉಗ್ರಾಣದ ಮೇಲ್ವಿಚಾರಕ! ಹನ್ನೊಂದು ಸಾವಿರ ಬಗೆಯ ಸಾಮಾನು ನನ್ನ ಕಣ್ಣಳತೆಯಲ್ಲಿದೆ. ಯಾವ ಖಾನೆಯಲ್ಲಿ ಎಷ್ಟು ವಾಷರ್ ಇದೆ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಿಬಿಡುತ್ತೇನೆ. ಇಪ್ಪತ್ತು ವರ್ಷದಲ್ಲಿ ಒಂದು ಮೊಳೆ ಕಳೆದಿಲ್ಲ. ಅಂಥವನಿಗೆ ಎಂಟಡಿ ಅಗಲದ ಅಡುಗೆಮನೆ ಯಾವ ಲೆಕ್ಕ! ಐದು ದಿನದಲ್ಲಿ ಅದನ್ನು ಒಂದು ಮಾದರಿ ಉಗ್ರಾಣವನ್ನಾಗಿ ಮಾಡಿ, ಅವಳು ಬಾಗಿಲಲ್ಲೇ ಬಾಯಿ ಬಿಟ್ಟು ನಿಲ್ಲಬೇಕು ಎಂದು ಮನಸ್ಸಿನಲ್ಲೇ ಶಪಥ ಮಾಡಿದೆ.

ಹೊರಡುವ ಮುಂಚೆ ಅವಳು ನಾಲ್ಕು ಸೂಚನೆ ಕೊಟ್ಟಳು. ಮಹಡಿ ಮೇಲಿನ ಗಿಡಗಳಿಗೆ ಬೆಳಗ್ಗೆ ನೀರು ಹಾಕಿ. ಹುರುಳಿಕಾಯಿ ಬಲಿಯುವ ಮುಂಚೆ ಕೀಳಿ. ಬಾಗಿಲು ಹಾಕಿದ ಮೇಲೆ ಒಂದು ಸಲ ಎಳೆದು ನೋಡಿ. ಈ ಮೂರನ್ನೂ ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಹೇಳಿ ಮುಗಿಸಿದಳು. ನಾಲ್ಕನೆಯದಕ್ಕೆ ಮಾತ್ರ ಚಪ್ಪಲಿ ಬಿಟ್ಟು ಒಳಗೆ ಬಂದು ನನ್ನನ್ನು ಅಡುಗೆಮನೆಯಲ್ಲಿ ನಿಲ್ಲಿಸಿದಳು.

"ಇದು ಹೆಪ್ಪು," ಎಂದು ಮುಚ್ಚಳದ ಒಂದು ಪುಟ್ಟ ಕುಡಿಕೆ ತೋರಿಸಿದಳು.

"ಗೊತ್ತು ಕಣೇ. ದಿನಾ ಮೊಸರು ತಿನ್ನೋನಿಗೆ ಹೆಪ್ಪು ಗೊತ್ತಿರಲ್ವಾ?"

"ದಿನಾ ಊಟ ಮಾಡೋರೆಲ್ಲ ಅಡುಗೆ ಮಾಡ್ತಾರಾ? ಸರಿಯಾಗಿ ಕೇಳಿಸ್ಕೊಳ್ಳಿ. ಸಂಜೆ ಹಾಲು ಕಾಯಿಸಿ, ಆರೋಕೆ ಬಿಡಿ. ಬೆರಳು ಅದ್ದಿ ನೋಡಿ. ಬೆರಳಿಗೆ ಹಿತ ಅನ್ನಿಸಬೇಕು, ಸುಡಬಾರದು. ಆಮೇಲೆ ಒಂದು ಚಮಚ. ಒಂದೇ ಚಮಚ. ಬೆಳಗ್ಗೆ ಮೊಸರು ತಿನ್ನೋಕೆ ಮುಂಚೆ ಮಾರನೇ ದಿನಕ್ಕೆ ಹೆಪ್ಪು ತೆಗೆದಿಡಿ. ತಿಂದಾದ ಮೇಲೆ ಅಲ್ಲ, ತಿನ್ನೋಕೆ ಮುಂಚೆ."

"ಬರೆದುಕೊಡಬೇಕಾ ಸಹಿ ಹಾಕಿ?"

"ಬರೆದುಕೊಟ್ಟ ಕಾಗದಾನ ಕಳೆದುಬಿಡ್ತೀರಿ, ಬೇಡ," ಎಂದು ಹೊರಟಳು.

ಈ ಹೆಪ್ಪಿನ ಮಹಿಮೆಯನ್ನು ಇಲ್ಲಿ ಹೇಳಲೇಬೇಕು. ಮದುವೆಯಾಗಿ ನನ್ನ ಜೊತೆ ಹೊರಟ ದಿನ ಅವಳ ಪೆಟ್ಟಿಗೆ, ಹಾಸಿಗೆ ಎಲ್ಲ ಬಸ್ಸಿನ ಮೇಲೆ ಹೋದವು. ತೊಡೆಯ ಮೇಲೆ ಉಳಿದದ್ದು ಒಂದು ಸಣ್ಣ ಸ್ಟೀಲು ಡಬ್ಬಿ. ದಾರಿಯುದ್ದಕ್ಕೂ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಒಡವೆಯಿರಬೇಕು ಎಂದು ನಾನು ಹಿಗ್ಗಿದ್ದೆ. ಮನೆಗೆ ಬಂದು ಮುಚ್ಚಳ ತೆಗೆದರೆ ಎರಡು ಚಮಚ ಮೊಸರು! ಅವಳ ಅಮ್ಮ ಕೊಟ್ಟು ಕಳಿಸಿದ ಹೆಪ್ಪು. ಅವತ್ತಿನಿಂದ ಹತ್ತೊಂಬತ್ತು ವರ್ಷ ಒಂದು ದಿನವೂ ತಪ್ಪದೆ ಅದೇ ಹೆಪ್ಪು ನಮ್ಮ ಮನೆಯ ಹಾಲನ್ನು ಮೊಸರು ಮಾಡಿದೆ. ಅತ್ತೆ ತೀರಿಕೊಂಡು ಆರು ವರ್ಷವಾಯಿತು. ಅವರು ಇಲ್ಲ, ಅವರ ಮನೆಯ ಮೊಸರು ಇದೆ. ನನ್ನ ಹೆಂಡತಿ ಬೆಳಗ್ಗೆ ಪಾತ್ರೆಯ ತಟ್ಟೆ ತೆಗೆದು ಒಂದು ಗಳಿಗೆ ಸುಮ್ಮನೆ ನೋಡುತ್ತಾಳೆ. ನಾನು ಇದನ್ನು ಕಂಡಿದ್ದೇನೆ, ಯಾಕೆಂದು ಕೇಳಿಲ್ಲ.

ನಿಜ ಹೇಳಬೇಕೆಂದರೆ ನಮ್ಮ ಮನೆಯಲ್ಲಿ ಅವಳೇ ಕೈಯಾರೆ ಮಾಡದ ವಸ್ತು ಕಡಿಮೆ. ಸ್ನಾನದ ಸೋಪು ಅವಳು ಮಾಡಿದ್ದು. ಕಾಲೊರಸು ನನ್ನ ಹಳೇ ಅಂಗಿಗಳದ್ದು. ದಿನಾ ಬಾಗಿಲಲ್ಲಿ ನನ್ನನ್ನೇ ನಾನು ತುಳಿದು ಒಳಗೆ ಬರುತ್ತೇನೆ. ಬಣ್ಣದ ಖಾಲಿ ಬಕೆಟ್ಟುಗಳಲ್ಲಿ ಟೊಮೆಟೊ, ಹಿಡಿ ಮುರಿದ ಟೀ ಪಾತ್ರೆಯಲ್ಲಿ ಪುದೀನ. ಹೊರಗಿನಿಂದ ತಂದ ಸಾಮಾನು ಅಂತ ಈ ಮನೆಯಲ್ಲಿ ಇರುವುದು ಹೆಚ್ಚುಕಡಿಮೆ ನಾನೊಬ್ಬನೇ, ಅದೂ ಅವಳ ಅಪ್ಪ ಆರಿಸಿ ತಂದದ್ದು.

ಇರಲಿ. ಸೋಮವಾರ ಬೆಳಗ್ಗೆ ಅವಳು ಬಸ್ಸು ಹತ್ತಿದ ಮೇಲೆ ಪಾತ್ರೆಯಲ್ಲಿದ್ದ ಮೊಸರನ್ನೆಲ್ಲ ಸಕ್ಕರೆ ಹಾಕಿಕೊಂಡು ಬಳಿದು ತಿಂದೆ. ಹೆಪ್ಪು ಕುಡಿಕೆಯಲ್ಲಿ ಇದೆಯಲ್ಲ! ಸಂಜೆ ಬಂದವನೇ ಕಾರ್ಯಾಚರಣೆ ಶುರು ಮಾಡಿದೆ. ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ನಿಲ್ಲಿಸಿದೆ. ಒಂದೊಂದಕ್ಕೂ ಚೀಟಿ ಅಂಟಿಸಿದೆ. ಒಲೆಯ ಮೇಲೆ ಹಾಲು ಉಕ್ಕಿ ಬಂತು. ಒಲೆ ಆರಿಸಿದೆ. ಕುಡಿಕೆಯ ಮುಚ್ಚಳ ತೆಗೆದೆ. ಒಳಗೆ ಮೂರು ಚಮಚ ಹೆಪ್ಪಿತ್ತು.

ಇಲ್ಲಿ ನನ್ನೊಳಗಿನ ಉಗ್ರಾಣಾಧಿಕಾರಿ ಎದ್ದು ಕೂತ. ಒಂದು ಚಮಚ ಹಾಕಿದರೇ ಇಷ್ಟು ಗಟ್ಟಿ ಮೊಸರಾಗುವುದಾದರೆ, ಮೂರೂ ಹಾಕಿದರೆ? ಚಾಕುವಿನಲ್ಲಿ ಕತ್ತರಿಸಬೇಕು, ಹಾಗಾಗುತ್ತದೆ! ತಳದಲ್ಲಿ ಹಳೇ ಸಾಮಾನು ಉಳಿಸಿಕೊಳ್ಳುವುದು ಉಗ್ರಾಣದ ಶಾಸ್ತ್ರದಲ್ಲಿ ಮಹಾಪಾಪ. ನಾಳೆ ಹೊಸ ಮೊಸರಿನಿಂದ ಹೊಸ ಹೆಪ್ಪು ತೆಗೆದರಾಯಿತು. ಇನ್ನು ಬೆರಳು ಅದ್ದುವ ವಿಚಾರ. ಹಾಲು ಆರುವವರೆಗೆ ಕೈ ಕಟ್ಟಿ ಕೂರುವುದು ಸಮಯದ ದುಂದು. ಹೇಗೂ ಪಾತ್ರೆಯಲ್ಲೇ ಆರುತ್ತದಲ್ಲ, ಹೆಪ್ಪಿನ ಜೊತೆಗೇ ಆರಲಿ!

ಕುಡಿಕೆ ಬಗ್ಗಿಸಿ, ಬಳಿದು, ಕುದಿಯುವ ಹಾಲಿಗೆ ಪೂರ್ತಿ ಸುರಿದೆ.

ಹಾಲು ಒಂದು ಸಲ ನನ್ನನ್ನು ನೋಡಿತು. ಆಮೇಲೆ ಒಡೆಯಿತು. ಬಿಳೀ ಗಂಟುಗಳು ಒಂದು ಕಡೆ, ಹಸಿರು ನೀರು ಇನ್ನೊಂದು ಕಡೆ, ನಾನು ಸೌಟು ಹಿಡಿದು ಮಧ್ಯೆ. ಕುಡಿಕೆಯೊಳಗೆ ಇಣುಕಿದೆ. ಅದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹತ್ತೊಂಬತ್ತು ವರ್ಷದ ಹೆಪ್ಪನ್ನು ಹತ್ತೊಂಬತ್ತು ಸೆಕೆಂಡಿನಲ್ಲಿ ಮುಗಿಸಿದ್ದೆ. ಅದೇ ಹೊತ್ತಿಗೆ ಫೋನು ಹೊಡೆದುಕೊಂಡಿತು.

"ಹೆಪ್ಪು ಹಾಕಿದ್ರಾ?"

"ಹಾಕಿದೆ!"

"ಒಂದು ಚಮಚ ತಾನೇ?"

"ಒಂದು ಚಮಚಕ್ಕಿಂತ ಕಡಿಮೆ ಇಲ್ಲ."

"ಹಾಲು ಬಿಸಿ ಇರಲಿಲ್ಲ ತಾನೇ?"

"ಈಗ ಇಲ್ಲ."

"ಯಾಕ್ರೀ ಧ್ವನಿ ಒಂಥರಾ ಇದೆ?"

"ನಿನ್ನ ನೆನಪು ಬಂತು."

"ಬೆಳಗ್ಗೆ ತಾನೇ ಹೊರಟಿದ್ದೀನಿ! ಏನು ಒಡೆದ್ರಿ?"

"ಪಾತ್ರೆ ಒಂದೂ ಒಡೆದಿಲ್ಲ, ಆಣೆ!" ಎಂದೆ. ಇದು ಸತ್ಯ. ಸತ್ಯವನ್ನೇ ಹೇಳಿ ಇಷ್ಟು ಸುಳ್ಳು ಹೇಳಬಹುದು ಎಂದು ನನಗೆ ಅವತ್ತು ಗೊತ್ತಾಯಿತು.

ಮಂಗಳವಾರ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವರ ಬಳಿ ಹೋದೆ. ಅವರಿಗೆ ನಾವಿಟ್ಟ ಹೆಸರು ಸಲಹಾಸಾಗರ. ಹಲ್ಲು ನೋವಿನಿಂದ ಹಿಡಿದು ಮನೆ ಕಟ್ಟುವವರೆಗೆ ಅವರಲ್ಲಿ ಇಲ್ಲದ ಸಲಹೆಯಿಲ್ಲ.

"ನನ್ನ ಸ್ನೇಹಿತರೊಬ್ಬರು ಹೆಪ್ಪು ಕಳ್ಕೊಂಡಿದ್ದಾರೆ," ಎಂದೆ.

"ನಿಮ್ಮ ಸ್ನೇಹಿತರ ಹೆಂಡತಿ ಊರಲ್ಲಿಲ್ಲವೋ?"

"ಇಲ್ಲ. ಅಂದ್ರೆ, ಅವರ ಹೆಂಡತಿ ಊರಲ್ಲಿಲ್ಲ, ನನ್ನವಳಲ್ಲ."

"ಅಷ್ಟಕ್ಕೆ ಯಾಕ್ರೀ ಅವರು ಬೆವರೋದು? ಅಂಗಡಿಯಿಂದ ಒಂದು ಪ್ಯಾಕೆಟ್ ಮೊಸರು ತಂದು ಹೆಪ್ಪು ಹಾಕಲಿ. ಮೊಸರು ಅಂದ್ರೆ ಮೊಸರು! ಅದಕ್ಕೇನು ವಂಶಾವಳಿ ಇದೆಯಾ? ಆದ್ರೆ ಒಂದು ಗುಟ್ಟು. ಪಾತ್ರೇನ ಬೆಚ್ಚಗಿಡಬೇಕು. ದಪ್ಪಗೆ ಏನಾದ್ರೂ ಸುತ್ತಿಬಿಡಿ. ಸುತ್ತಿಬಿಡಲಿ."

ಸಲಹಾಸಾಗರರು ಮದುವೆಯಾಗಿಲ್ಲ, ಮೂರು ಹೊತ್ತೂ ಹೋಟೆಲಿನಲ್ಲಿ ಊಟ ಮಾಡುತ್ತಾರೆ ಎಂಬ ಸಂಗತಿ ನನಗೆ ಹೊಳೆದದ್ದು ಬುಧವಾರ.

ಸಂಜೆ ಪ್ಯಾಕೆಟ್ ಮೊಸರು ತಂದೆ. ಈ ಸಲ ಹಾಲನ್ನು ಆರಿಸಿದೆ. ಎಷ್ಟು ಆರಿಸಿದೆ ಎಂದರೆ ಅದು ಕಾಯಿಸಿದ್ದೇ ಮರೆತು ಹೋಗಿತ್ತು! ಒಂದು ಚಮಚ ಹಾಕಿ, ಸುತ್ತಲು ದಪ್ಪಗಿನದು ಏನಿದೆ ಎಂದು ಮನೆಯೆಲ್ಲ ಹುಡುಕಿದೆ. ಸಿಕ್ಕಿತು. ನಮ್ಮ ಹಾಸಿಗೆಯ ಹೊದಿಕೆ.

ಈ ಹೊದಿಕೆಯೂ ಅವಳ ಕೈಯದೇ. ಹಳೇ ಬಟ್ಟೆಯ ತುಂಡುಗಳನ್ನು ಒಂದಕ್ಕೊಂದು ಸೇರಿಸಿ ಎರಡು ಚಳಿಗಾಲ ಕೂತು ಹೊಲಿದದ್ದು. ಅದರಲ್ಲಿ ನನ್ನ ಮದುವೆಯ ಅಂಗಿಯ ತೋಳಿದೆ. ನಾದಿನಿ ಶಾಲೆಗೆ ಹಾಕುತ್ತಿದ್ದ ಲಂಗದ ಅಂಚಿದೆ. ಅತ್ತೆಯ ಒಂದು ನೀಲಿ ಸೀರೆಯ ಸೆರಗು ನಡುಮಧ್ಯದಲ್ಲಿ ಚೌಕವಾಗಿ ಕೂತಿದೆ. ಹೊಲಿಗೆ ಎಷ್ಟು ಸಣ್ಣದೆಂದರೆ ನನ್ನ ಕನ್ನಡಕ ಹಾಕಿದರೂ ಎಣಿಸಲಾಗುವುದಿಲ್ಲ. ಇಂಥ ಹೊದಿಕೆಯಲ್ಲಿ ಹಾಲಿನ ಪಾತ್ರೆಯನ್ನು ಮಗುವಿನ ಹಾಗೆ ಸುತ್ತಿ, ಅಡುಗೆಮನೆಯ ಕಟ್ಟೆಯ ಮೇಲೆ ಮಲಗಿಸಿ, ಮಲಗಲು ಹೋದೆ.

ಬುಧವಾರ ಬೆಳಗ್ಗೆ ಅಲಾರಂ ಹೊಡೆಯಲಿಲ್ಲ. ದಡಬಡಿಸಿ ಎದ್ದೆ. ಚಳಿ! ಹೊದಿಕೆ ಎಲ್ಲಿ? ಅಡುಗೆಮನೆಯ ಕಟ್ಟೆಯ ಮೇಲೆ ಮುದ್ದೆಯಾಗಿ ಬಿದ್ದಿದೆ. ಅರ್ಧ ನಿದ್ದೆಯಲ್ಲಿ ಅದರ ತುದಿ ಹಿಡಿದು ಒಂದೇ ಸಲ ಎಳೆದೆ.

ಪಾತ್ರೆ ಆಕಾಶ ಮಾರ್ಗದಲ್ಲಿ ಬಂತು! ಮೊಸರೇನೋ ಆಗಿತ್ತು, ಆದರೆ ಅದು ಲೋಳೆ ಮೊಸರು. ಹೊದಿಕೆಯ ಮೇಲೆ, ಗೋಡೆಯ ಮೇಲೆ, ನಾನು ಅಂಟಿಸಿದ ಚೀಟಿಗಳ ಮೇಲೆ ಎಳೆ ಎಳೆಯಾಗಿ ಇಳಿಯಿತು. ಒಂದು ಎಳೆಯನ್ನು ಚಮಚದಲ್ಲಿ ಎತ್ತಿದೆ. ಚಮಚ ನನ್ನ ತಲೆಯ ಮಟ್ಟಕ್ಕೆ ಬಂದರೂ ಅದು ನೆಲ ಬಿಡಲಿಲ್ಲ. ನೆಲದ ಮೇಲೆ ಒಂದು ಹೆಜ್ಜೆ ಇಟ್ಟೆ. ಆಮೇಲೆ ಇಟ್ಟದ್ದು ಹೆಜ್ಜೆಯಲ್ಲ, ಬೆನ್ನು.

ಅತ್ತೆಯ ಸೀರೆಯ ನೀಲಿ ಚೌಕದ ಮೇಲೆ ಮೊಸರು ಕಂಡಾಗ ನನಗೆ ಅಳು ಬರುವುದೊಂದು ಬಾಕಿ. ಹೊದಿಕೆಯನ್ನು ಬಕೆಟ್ಟಿನಲ್ಲಿ ತುರುಕಿ, ಅವಳು ಮಾಡಿದ ಎರಡು ಸೋಪು ಪೂರ್ತಿ ಸವೆಸಿ ತಿಕ್ಕಿದೆ. ನೀರು ಕುಡಿದ ಹೊದಿಕೆ ಎಮ್ಮೆಯಷ್ಟು ಭಾರವಾಯಿತು. ಹೊತ್ತು ಮಹಡಿಗೆ ಹೋದೆ. ಮಾಮೂಲಿ ಬಟ್ಟೆಯ ತಂತಿಗೆ ಇದರ ಭಾರ ತಡೆಯದು ಎಂದು ಕಾರ್ಖಾನೆಯ ಬುದ್ಧಿ ಹೇಳಿತು. ಆದ್ದರಿಂದ ಒಂದು ದಪ್ಪ ಹಗ್ಗ ತಂದೆ. ಒಂದು ತುದಿಯನ್ನು ನೀರಿನ ಪೈಪಿಗೆ ಕಟ್ಟಿದೆ. ಇನ್ನೊಂದು ತುದಿಯನ್ನು ಹುರುಳಿಕಾಯಿ ಬಳ್ಳಿ ಹಬ್ಬಿಸಿದ್ದ ಕೋಲಿಗೆ ಕಟ್ಟಿದೆ. ಹಗ್ಗ ತಡೆಯುತ್ತದೆಯೇ ಎಂದು ಯೋಚಿಸಿದ್ದೆ. ಕೋಲು ತಡೆಯುತ್ತದೆಯೇ ಎಂದು ಯಾರು ಯೋಚಿಸಬೇಕಿತ್ತು?

ಹೊದಿಕೆ ಹಾಕಿದೆ. ಕೋಲು ನನಗೆ ತಲೆಬಾಗಿತು. ಅದರ ಹಿಂದೆ ಉಳಿದ ಮೂರು ಕೋಲುಗಳೂ ಬಾಗಿದವು. ಬಳ್ಳಿಯ ಚಪ್ಪರ ಪೂರ್ತಿ ನಿಧಾನವಾಗಿ ಬಂದು ಟೊಮೆಟೊ ಬಕೆಟ್ಟುಗಳ ಮೇಲೆ ಮಲಗಿತು.

ಕಚೇರಿಗೆ ಫೋನು ಮಾಡಿ ಒಂದು ದಿನ ರಜೆ ಕೇಳಿದೆ.

"ಏನಾಯ್ತ್ರೀ?" ಎಂದರು ಸಾಹೇಬರು.

"ಮನೇಲಿ ಸಣ್ಣ ಅಪಘಾತ ಸಾರ್."

"ಅಯ್ಯೋ! ಯಾರಿಗಾದ್ರೂ ಪೆಟ್ಟಾಯ್ತಾ?"

"ಇಬ್ಬರಿಗೆ ಸಾರ್. ಸೊಂಟ ಮುರಿದಿದೆ."

ಎರಡು ಟೊಮೆಟೊ ಗಿಡಗಳ ಸೊಂಟಕ್ಕೆ ಕಡ್ಡಿ ಕೊಟ್ಟು ಪಟ್ಟಿ ಕಟ್ಟಿದೆ. ಹಸಿರು ಕಾಯಿಗಳು ನನ್ನನ್ನೇ ನೋಡುತ್ತಿದ್ದವು. ಅವಳು ಆ ಗಿಡಗಳನ್ನು ಬೀಜದಿಂದ ಬೆಳೆಸಿದ್ದಳು. ಮೊದಲ ಎರಡೆಲೆ ಬಂದಾಗ ನನ್ನನ್ನು ಕೂಗಿ ಕರೆದು ತೋರಿಸಿದ್ದಳು. ಪೇಪರು ಓದುತ್ತಿದ್ದ ನಾನು "ಹ್ಞೂಂ, ಚೆನ್ನಾಗಿದೆ" ಎಂದು ತಲೆಯೆತ್ತದೆ ಹೇಳಿದ್ದೆ. ಈಗ ಮಂಡಿಯೂರಿ ಕೂತು ಎಲೆ ಎಲೆಯನ್ನೂ ನೋಡುವ ಗತಿ ಬಂತು. ನೋಡಿದರೆ ನಿಜವಾಗಿಯೂ ಚೆನ್ನಾಗಿದ್ದವು. ಆ ಎಲೆಯ ವಾಸನೆ ಕೈಗೆ ಹತ್ತಿತು, ಮಧ್ಯಾಹ್ನದವರೆಗೂ ಹೋಗಲಿಲ್ಲ.

ಮಧ್ಯಾಹ್ನ ಅವಳ ಫೋನು.

"ಮೊಸರು ಹೇಗಿತ್ತು?"

"ಹೇಗೆ ಹೇಳಲಿ! ನಿಂತ ಕಡೆ ನಿಲ್ಲೋಕಾಗ್ಲಿಲ್ಲ."

"ಗಟ್ಟಿಯಾಗಿತ್ತಾ?"

"ಹಿಡಿದದ್ದನ್ನ ಬಿಡ್ತಾನೇ ಇರಲಿಲ್ಲ."

ಅವಳು ನಕ್ಕಳು. ಆಮೇಲೆ ಧ್ವನಿ ತಗ್ಗಿಸಿ, "ಇಲ್ಲಿ ತಂಗಿ ಮನೇಲಿ ಪ್ಯಾಕೆಟ್ ಮೊಸರು ರೀ. ಅಮ್ಮನ ಹೆಪ್ಪು ಅವಳು ಮನೆ ಬದಲಾಯಿಸೋ ಗಡಿಬಿಡೀಲಿ ಕಳ್ಕೊಂಡುಬಿಟ್ಟಿದ್ದಾಳೆ. ರಾತ್ರಿ ಊಟಕ್ಕೆ ಕೂತಾಗ ಕೇಳಿದಳು, ‘ಅಕ್ಕಾ, ಬರೋವಾಗ ಅಮ್ಮನ ಮೊಸರು ಒಂದು ಚಮಚ ತರಬಾರದಿತ್ತಾ’ ಅಂತ. ಕಣ್ಣಲ್ಲಿ ನೀರು ಅವಳಿಗೆ. ನಮ್ಮ ಮನೇಲಿದೆಯಲ್ಲ ಬಿಡೇ, ಹೋದ ತಕ್ಷಣ ಕಳಿಸ್ತೀನಿ ಅಂದೆ. ಸರಿ ಅಲ್ವಾ?" ಎಂದಳು.

"ಸರಿ," ಎಂದೆ.

ಫೋನು ಇಟ್ಟು ಖಾಲಿ ಕುಡಿಕೆ ಮುಂದಿಟ್ಟುಕೊಂಡು ಕೂತೆ. ಇಷ್ಟು ಹೊತ್ತು ನನ್ನ ಚಿಂತೆ ಬೈಗುಳದ್ದಾಗಿತ್ತು. ಹತ್ತೊಂಬತ್ತು ವರ್ಷ ಬೈಸಿಕೊಂಡವನಿಗೆ ಅದೇನು ದೊಡ್ಡದಲ್ಲ. ಆದರೆ ಈಗ ಇಬ್ಬರು ಹೆಣ್ಣುಮಕ್ಕಳು ತಮ್ಮ ಅಮ್ಮನದೆಂದು ಕಾಯುತ್ತಿರುವುದನ್ನು ನಾನು ಕುದಿಯುವ ಹಾಲಿಗೆ ಸುರಿದಿದ್ದೆ. ಉಗ್ರಾಣದಲ್ಲಿ ಏನಾದರೂ ಕಳೆದರೆ ಇನ್ನೊಂದು ತರಿಸಬಹುದು. ಇದನ್ನು ಎಲ್ಲಿಂದ ತರಿಸುವುದು? ಒಂದು ಪಾತ್ರೆ ಮೊಸರಿಗೋಸ್ಕರ ಎದೆ ಇಷ್ಟು ಭಾರವಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ನಗುತ್ತಿದ್ದೆ.

ಕೊನೆಗೆ ಬೇರೆ ದಾರಿ ಕಾಣದೆ ಎದುರುಮನೆಗೆ ಹೊರಟೆ. ಅಲ್ಲಿರುವುದು ಹೊಲಿಗೆ ಅಕ್ಕ. ಮುಂದಿನ ಕೋಣೆಯಲ್ಲೇ ಅವರ ಯಂತ್ರ. ಬೀದಿಯಲ್ಲಿ ಹೋಗುವ ಬರುವ ಎಲ್ಲರ ಅಳತೆಯೂ ಅವರಿಗೆ ಗೊತ್ತು, ಬಟ್ಟೆಯದ್ದು ಮಾತ್ರವಲ್ಲ. ಅವರ ಮನೆಯ ಯಾವುದೋ ಹೆಪ್ಪು ತಂದು, ಲೋಳೆಯಾಗದ ಮೊಸರನ್ನಾದರೂ ಮಾಡಿಟ್ಟು, ಶನಿವಾರ ಅವಳ ಮುಂದೆ ತಲೆ ತಗ್ಗಿಸಿ ನಿಲ್ಲುವುದು ಎಂದು ಯೋಚಿಸಿದ್ದೆ. ಬಟ್ಟಲನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಹೋದೆ.

ಅಕ್ಕನ ತುಟಿಯ ಮಧ್ಯೆ ನಾಲ್ಕು ಗುಂಡುಪಿನ್ನು. ಅವುಗಳ ಸಂದಿಯಿಂದಲೇ ಕೇಳಿದರು, "ಏನ್ ಸಾರ್, ಪ್ಯಾಂಟು ಬಿಗಿಯಾಯ್ತಾ?"

"ಇಲ್ಲ ಅಕ್ಕ."

"ಗುಂಡಿ ಕಿತ್ತೋಯ್ತಾ?"

"ಅದೂ ಇಲ್ಲ."

"ಮತ್ತೆ ಎರಡೇ ದಿನದಲ್ಲಿ ಹೊಟ್ಟೆ ಹೀಗೆ ಮುಂದೆ ಬಂದಿದೆ?"

ಬಟ್ಟಲು ಹೊರಗೆ ತೆಗೆದೆ. "ಒಂದು ಚಮಚ ಹೆಪ್ಪು ಬೇಕಿತ್ತು."

ಯಂತ್ರ ನಿಂತಿತು. ಅಕ್ಕ ತುಟಿಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದರು. ಆಮೇಲೆ ನಗಲು ಶುರು ಮಾಡಿದರು. ಕುರ್ಚಿಯ ಸಮೇತ ಅಲುಗಿದರು. ಕಣ್ಣೊರೆಸಿಕೊಂಡು ಒಳಗೆ ಹೋಗಿ ಬಟ್ಟಲು ತುಂಬಿಸಿ ತಂದರು. ಬಗ್ಗಿಸಿದರೂ ಅಲುಗದ ಮೊಸರು, ಮೇಲೆ ತೆಳ್ಳಗೆ ಕೆನೆ. ಎಲ್ಲೋ ನೋಡಿದ ಮುಖದ ಹಾಗಿತ್ತು.

"ಅಕ್ಕ, ತಪ್ಪು ತಿಳ್ಕೋಬೇಡಿ. ಇದು ಯಾವ ಕಡೆ ಹೆಪ್ಪು?"

"ಯಾವ ಕಡೆದು ಅಂದ್ರೆ? ನಿಮ್ಮ ಮನೆದೇ!"

"ನಮ್ಮ ಮನೆದಾ?"

"ಮತ್ತೆ? ನಮ್ಮ ಯಜಮಾನ್ರು ಕಾಯಿಲೆ ಬಿದ್ದಾಗ ನಿಮ್ಮನೆಯವರು ದಿನಾ ಮೊಸರು ತಂದುಕೊಡೋರು. ಆಮೇಲೆ ಹೆಪ್ಪೂ ಕೊಟ್ಟು ಹಾಕೋದು ಹೇಗೆ ಅಂತ ಹೇಳಿಕೊಟ್ರು. ಮೂಲೆಮನೆ ಟೀಚರಮ್ಮನ ಮನೇಲೂ ಇದೇ. ಔಷಧಿ ಅಂಗಡಿಯವ್ರ ಮನೇಲೂ ಇದೇ. ಈ ಬೀದೀಲಿ ಯಾರ ಮನೆಗೆ ಹೋಗಿ ಮೊಸರು ತಿಂದ್ರೂ ನಿಮ್ಮ ಅತ್ತೆ ಮನೆದೇ ತಿಂತೀರಿ. ನಿಮಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ! ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವನ ಕಥೆ ನನ್ನದಾಯಿತು. ಅಕ್ಕನ ಕಾಲಿಗೆ ಬೀಳುವುದೊಂದು ಬಾಕಿ; ನೆಲದ ಮೇಲೂ ಪಿನ್ನುಗಳು ಚೆಲ್ಲಿದ್ದವು ಎಂದು ಬೀಳಲಿಲ್ಲ. ಇಪ್ಪತ್ತು ವರ್ಷ ನಾನು ಬೀಗ ಹಾಕಿ ಸಾಮಾನು ಕಾದವನು. ಅವಳು ಒಂದು ದಿನವೂ ಬೀಗ ಹಾಕದೆ, ಕೇಳಿದವರಿಗೆಲ್ಲ ಚಮಚ ಚಮಚ ಕೊಟ್ಟು, ತನ್ನ ಅಮ್ಮನ ಮೊಸರನ್ನು ಬೀದಿಯ ತುಂಬ ಇಟ್ಟಿದ್ದಳು. ಯಾವ ಉಗ್ರಾಣದ ಪುಸ್ತಕದಲ್ಲೂ ಈ ಪಾಠ ಇಲ್ಲ. ನನ್ನ ಹೆಂಡತಿಯ ಮೇಲೆ ನನಗೆ ಆ ಕ್ಷಣ ಉಕ್ಕಿದ ಗೌರವವನ್ನು ಅವಳ ಮುಂದೆ ಯಾವತ್ತೂ ಹೇಳಿಲ್ಲ, ಇಲ್ಲಿ ಹೇಳಿದ್ದೇನೆ.

ಆ ಸಂಜೆ ಹಾಲು ಕಾಯಿಸಿ ಪಾತ್ರೆಯ ಪಕ್ಕದಲ್ಲೇ ಕುರ್ಚಿ ಹಾಕಿ ಕೂತೆ. ಬೆರಳು ಅದ್ದಿದೆ, ಸುಟ್ಟಿತು. ಕಾದೆ. ಮತ್ತೆ ಅದ್ದಿದೆ. ಐದನೇ ಸಲಕ್ಕೆ ಬೆರಳಿಗೆ ಹಿತವಾಯಿತು. ಹಾಲಿಗೂ ಬೆರಳಿಗೂ ಅಷ್ಟು ಒಪ್ಪಂದವಾಗುವ ಒಂದು ಗಳಿಗೆ ಇರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ! ಒಂದೇ ಒಂದು ಚಮಚ ಹಾಕಿ, ತಟ್ಟೆ ಮುಚ್ಚಿ, ಏನನ್ನೂ ಸುತ್ತದೆ, ದೂರದಿಂದಲೇ ಕೈ ಮುಗಿದು ಬಂದೆ.

ಗುರುವಾರ ಬೆಳಗ್ಗೆ ಪಾತ್ರೆ ಬಗ್ಗಿಸಿದರೆ ಮೊಸರು ಅಲುಗಲಿಲ್ಲ. ನನ್ನ ಜನ್ಮದಲ್ಲಿ ನನ್ನ ಕೈಯಾರೆ ಆದ ಮೊದಲ ವಸ್ತು! ಚೀಟಿ ಅಂಟಿಸುವ ಮನಸ್ಸೂ ಆಗಲಿಲ್ಲ, ಸುಮ್ಮನೆ ನೋಡುತ್ತಾ ನಿಂತೆ. ಆಮೇಲೆ ಮೊದಲು ಕುಡಿಕೆಗೆ ಹೆಪ್ಪು ತೆಗೆದಿಟ್ಟೆ. ಅದಾದ ಮೇಲೆ ತಿಂದೆ. ಸಕ್ಕರೆ ಹಾಕಿಕೊಳ್ಳುವುದನ್ನು ಮರೆತಿದ್ದೆ, ಆದರೂ ಸಿಹಿಯಿತ್ತು. ಶುಕ್ರವಾರವೂ ಹಾಗೇ ಆಯಿತು. ಸಲಹಾಸಾಗರರಿಗೆ ಒಂದು ಡಬ್ಬಿಯಲ್ಲಿ ಕೊಂಡೊಯ್ದೆ. ತಿಂದು, "ನೋಡಿದ್ರಾ, ಬೆಚ್ಚಗಿಟ್ಟರೆ ಹೇಗಾಗುತ್ತೆ!" ಎಂದರು.

ಶನಿವಾರ ಮಧ್ಯಾಹ್ನ ಅವಳು ಬಂದಳು. ಅಷ್ಟು ಹೊತ್ತಿಗೆ ನನ್ನ ಧೈರ್ಯ ಪೂರ್ತಿ ವಾಪಸ್ಸಾಗಿತ್ತು. ತಲೆ ತಗ್ಗಿಸುವ ಯೋಚನೆಯನ್ನು ಕೈಬಿಟ್ಟಿದ್ದೆ. ಹೆಪ್ಪು ಅದೇ ಹೆಪ್ಪು. ಹೊದಿಕೆ ಒಣಗಿ ಹಾಸಿಗೆಯ ಮೇಲಿದೆ. ಚಪ್ಪರ ನಿಂತಿದೆ, ಸ್ವಲ್ಪ ಓಲಾಡಿದರೂ ನಿಂತಿದೆ. ಹೇಳಲು ಏನಿದೆ? ಏನೂ ಇಲ್ಲ!

ಅವಳು ಚೀಲ ಇಟ್ಟವಳೇ ಅಡುಗೆಮನೆಗೆ ಹೋದಳು. ಡಬ್ಬಿಗಳ ಚೀಟಿ ನೋಡಿದಳು. ಪಾತ್ರೆಯ ತಟ್ಟೆ ತೆಗೆದು, ಚಮಚದ ತುದಿಯಲ್ಲಿ ಮೊಸರು ನಾಲಗೆಗೆ ಮುಟ್ಟಿಸಿದಳು.

"ಹ್ಞೂಂ," ಎಂದಳು.

ಅಷ್ಟೇ. ಒಂದು ‘ಹ್ಞೂಂ’. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವಳು ಕಳ್ಳ ಅಂತಲೂ ಅನ್ನಲಿಲ್ಲ, ಕುಂಬಳಕಾಯಿ ಅಂತಲೂ ಅನ್ನಲಿಲ್ಲ. ನಾನೇ ಹೆಗಲು, ತಲೆ, ಬೆನ್ನು ಎಲ್ಲ ಮುಟ್ಟಿಕೊಂಡು ಒಂದೇ ಉಸಿರಿನಲ್ಲಿ ಕಕ್ಕಿಬಿಟ್ಟೆ! ಮೂರು ಚಮಚ, ಕುದಿಯುವ ಹಾಲು, ಪ್ಯಾಕೆಟ್ ಮೊಸರು, ಹೊದಿಕೆ, ಎರಡು ಸೋಪು, ಹಗ್ಗ, ಚಪ್ಪರ, ಟೊಮೆಟೊ ಸೊಂಟ. "ಅಮ್ಮನದನ್ನ ಕಳೆದುಬಿಟ್ಟಿದ್ದೆ ಕಣೇ. ತಪ್ಪಾಯ್ತು," ಎಂದೆ. ಆ ಕೊನೆಯ ಮಾತು ನಾಟಕವಲ್ಲ.

ಅವಳು ಸೀದಾ ಮಹಡಿಗೆ ಹೋದಳು. ನಾನು ಹಿಂದೆ ಹೋದೆ. ಬಾಡಿದ ಎರಡು ಟೊಮೆಟೊ ಗಿಡಗಳ ಮುರಿದ ತುದಿಯನ್ನು ಚಿವುಟಿ, ಒದ್ದೆ ಮಣ್ಣಿನಲ್ಲಿ ಆಳವಾಗಿ ಊರಿದಳು. "ಬೇರು ಬಿಡುತ್ತೆ. ಈಗ ನಾಲ್ಕು ಗಿಡ ಆಯ್ತು," ಎಂದಳು. ನಾನು ಮೂರು ದಿನ ಪಟ್ಟಿ ಕಟ್ಟಿ ಶುಶ್ರೂಷೆ ಮಾಡಿದ್ದನ್ನು ಅವಳು ಎರಡು ನಿಮಿಷದಲ್ಲಿ ಲಾಭಕ್ಕೆ ತಿರುಗಿಸಿದಳು.

"ಹೆಪ್ಪಿನ ವಿಷಯ?" ಎಂದೆ ಮೆಲ್ಲಗೆ.

"ನಮ್ಮಪ್ಪಾನೂ ಹೀಗೇ ಒಂದು ಸಲ ಪೂರ್ತಿ ತಿಂದು ಮುಗಿಸಿದ್ರಂತೆ. ಅವತ್ತಿಂದ ಅಮ್ಮ ಹೆಪ್ಪನ್ನ ಮೊದಲು ನಾಲ್ಕು ಮನೆಗೆ ಕೊಟ್ಟು, ಆಮೇಲೆ ತಾನು ಇಟ್ಕೊಳ್ಳೋಳು. ನನಗೂ ಅದನ್ನೇ ಹೇಳಿ ಕಳ್ಸಿದ್ಳು. ‘ಗಂಡಸರಿರೋ ಮನೇಲಿ ಹೆಪ್ಪು ಒಂದೇ ಕಡೆ ಇಡಬೇಡ ಮಗಳೇ’ ಅಂತ."

"ಹಾಗಾದ್ರೆ ನಿನಗೆ ಬೇಜಾರಿಲ್ಲ ಅನ್ನು!"

"ಬೇಜಾರಿದೆ."

"ಎಷ್ಟು?"

"ಒಂದು ಸ್ವೆಟರ್‌ನಷ್ಟು."

ನನಗೆ ಅರ್ಥವಾಗಲಿಲ್ಲ. ಅವಳು ಕೈಯ ಮಣ್ಣು ಕೊಡವಿಕೊಂಡು ಹೇಳಿದಳು, "ಸೋಮವಾರ ಹೊರಡೋವಾಗ ಹೊಲಿಗೆ ಅಕ್ಕನ ಜೊತೆ ಪಂತ ಆಯ್ತು. ನೀವು ಬಟ್ಟಲು ಹಿಡ್ಕೊಂಡು ಹೆಪ್ಪು ಕೇಳೋಕೆ ಯಾವತ್ತು ಬರ್ತೀರಿ ಅಂತ. ನಾನು ನಿಮ್ಮ ಪರ. ಏನೇ ಆದ್ರೂ ಶುಕ್ರವಾರದವರೆಗೆ ತಡೀತಾರೆ ಅಂದೆ. ಅವರು ಬುಧವಾರ ಅಂದ್ರು. ಸೋತವರು ಗೆದ್ದವರಿಗೆ ಒಂದು ಸ್ವೆಟರ್ ಹೆಣೆದುಕೊಡಬೇಕು."

ನನ್ನ ಮಾನ ಒಂದು ಸಲ ಕೊನೆಯ ಪ್ರಯತ್ನ ಮಾಡಿತು. "ಅಲ್ವೇ, ನಾನು ಬರೋದೇ ಇಲ್ಲ, ಎಲ್ಲಾ ಸರಿಯಾಗೇ ನೋಡ್ಕೊತೀನಿ ಅಂತ ಯಾರೂ ಪಂತ ಕಟ್ಟಲಿಲ್ವಾ?"

"ಆಗ ಅದು ಪಂತ ಹೇಗಾಗುತ್ತೆ ರೀ?"

ಕೆಳಗೆ ಬಂದು ಚೀಲದಿಂದ ಉಣ್ಣೆಯ ಲಡಿ ತೆಗೆದಳು. ತಂಗಿಯ ಊರಿನಲ್ಲೇ ಕೊಂಡು ತಂದಿದ್ದಳು. ಬುಧವಾರ ಸಂಜೆಯೇ ಅಕ್ಕನ ಫೋನು ಹೋಗಿತ್ತಂತೆ! ನನ್ನನ್ನು ಕುರ್ಚಿಯಲ್ಲಿ ಕೂರಿಸಿ, "ಎರಡೂ ಕೈ ಮುಂದೆ ಚಾಚಿ," ಎಂದಳು. ಚಾಚಿದೆ. ಲಡಿಯನ್ನು ಎರಡೂ ಮಣಿಕಟ್ಟಿಗೆ ಹಾಕಿ, ಎದುರು ಕೂತು, ಎಳೆ ಎಳೆಯಾಗಿ ಉಂಡೆ ಸುತ್ತಲು ಶುರು ಮಾಡಿದಳು. ಉಂಡೆ ಅವಳ ಬೆರಳುಗಳಲ್ಲಿ ಗುಂಡಗೆ, ಬಿಗಿಯಾಗಿ ಬೆಳೆಯುವುದನ್ನು ನೋಡುವುದೇ ಒಂದು ಚಂದ. ನನಗೂ ಉತ್ಸಾಹ ಬಂತು.

"ಈಗ ನಾನೇನು ಮಾಡಬೇಕು ಹೇಳು!"

"ಏನೂ ಮಾಡಬೇಡಿ," ಎಂದಳು. "ಅದಕ್ಕೇ ಈ ಕೆಲಸ ನಿಮಗೆ ಕೊಟ್ಟಿರೋದು."